ಬಳ್ಳಾರಿ ಬಿಸಿಲಲ್ಲಿ ಸೇಬಿನ ಸೈಡರ್, ಸೇಬಿನ ಜ್ಯೂಸ್: ನನ್ನ ಅನುಭವ

ನಮ್ಮ ಕಡೆ ಸೈಡರ್ ಅಂದರೆ ತೂಕ ಇಳಿಸಲು ಮೆಡಿಕಲ್ ಶಾಪಿನಿಂದ ತರುವ ಬಾಟಲಿ ಅಂತಲೇ ಬಹಳ ಮಂದಿ ತಿಳಿದಿದ್ದಾರೆ. ಅದು ಸೈಡರ್ ವಿನಿಗರ್. ರಸದ ಸಕ್ಕರೆ ಆಲ್ಕೋಹಾಲ್ ಆಗಿ, ಆ ಆಲ್ಕೋಹಾಲ್ ಮತ್ತೆ ಅಸಿಟಿಕ್ ಆಮ್ಲವಾಗಿ ತಯಾರಾದದ್ದು. ಬ್ರಿಟನ್ನಿನಲ್ಲಿ ಸೈಡರ್ ಅಂದರೆ ಹುದುಗಿಸಿದ ಮದ್ಯ. ಅಮೆರಿಕದಲ್ಲಿ ಮಾತ್ರ ಹಿಂಡಿ ಒರಟಾಗಿ ಸೋಸಿದ, ಕಂದು ಬಣ್ಣದ ಮಬ್ಬು ಸಿಹಿರಸಕ್ಕೆ ಈ ಹೆಸರು. ನಾನು ಮಾಡುವುದು ಈ ಕೊನೆಯದನ್ನು. ಅದನ್ನೇ ತಿಳಿ ಮಾಡಿ ಕಾಯಿಸಿದರೆ ಜ್ಯೂಸ್.

ಹಣ್ಣು ಆಗಸ್ಟ್‌ನಿಂದ ನವೆಂಬರ್ ಒಳಗೆ ಕೊಳ್ಳಬೇಕು. ಶಿಮ್ಲಾ, ಕಾಶ್ಮೀರದ ಹೊಸ ಮಾಲು ಆಗ ಬರುತ್ತದೆ, ಕಚ್ಚಿದರೆ ಕಟುಂ ಅನ್ನುತ್ತದೆ. ಬೇಸಿಗೆಯಲ್ಲಿ ಸಿಗುವುದು ಬಹಳಮಟ್ಟಿಗೆ ಕೋಲ್ಡ್ ಸ್ಟೋರೇಜಿನದು. ಹಿಟ್ಟುಹಿಟ್ಟಾಗಿರುತ್ತದೆ, ಹಿಂಡಿದರೆ ರಸದ ಬದಲು ಗೊಜ್ಜು ಇಳಿಯುತ್ತದೆ. ಕೆಂಪು ಡೆಲಿಶಿಯಸ್ ಒಂದನ್ನೇ ಹಾಕಿದರೆ ರಸ ಬರೀ ಸಿಹಿ, ಸಪ್ಪೆ. 3 ಕಿಲೋಗೆ 1 ಕಿಲೋ ಹಸಿರು ಸೇಬು ಬೆರೆಸುತ್ತೇನೆ. ಅದು ದುಬಾರಿಯಾದರೆ ಕಿಲೋಗೆ ಒಂದು ನಿಂಬೆಹಣ್ಣು.

ಅಗ್ಗಕ್ಕೆ ಸಿಗುತ್ತದೆಂದು ಕೊಳೆತ, ಬೂಷ್ಟು ಹಿಡಿದ ಹಣ್ಣು ತರಬೇಡಿ. ಆ ಬೂಷ್ಟಿನಿಂದ ಪಾಟುಲಿನ್ ಎಂಬ ವಿಷ ಬರುತ್ತದೆ, ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಸೇಬಿನ ರಸದಲ್ಲಿ ಅದು ಕಿಲೋಗೆ 50 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ ಆಹಾರ ನಿಯಮವೇ ಇದೆ.

ಮೇಣ ಹಚ್ಚಿದ ಹಣ್ಣನ್ನು ಉಗುರುಬೆಚ್ಚನೆ ನೀರಿನಲ್ಲಿ ಉಜ್ಜಿ ತೊಳೆದು, ಬೀಜದ ಗೂಡು ತೆಗೆಯಬೇಕು, ಸಿಪ್ಪೆ ಇರಲಿ. ಬೀಜ ಮಿಕ್ಸಿಯಲ್ಲಿ ಅರೆದರೆ ಕಹಿ; ಅದರಲ್ಲಿ ಸೈನೈಡ್ ಹುಟ್ಟಿಸುವ ಅಂಶವೂ ಇದೆ. ಹೆಚ್ಚಿದ ಹೋಳನ್ನು ಬಿಟ್ಟು ಕೂರಬೇಡಿ. ಗಾಳಿ ತಗುಲಿದರೆ ಹಣ್ಣಿನದೇ ಕಿಣ್ವ ಅದನ್ನು ಕಂದಾಗಿಸುತ್ತದೆ. ಸೈಡರ್‌ಗೆ ಆ ಬಣ್ಣ ಸ್ವಲ್ಪ ಇರಲಿ, ರುಚಿಗೂ ಗಾಢತೆ ಬರುತ್ತದೆ. ಜ್ಯೂಸ್ ಹೊಂಬಣ್ಣ ಇರಬೇಕಾದರೆ ಅರೆಯುವಾಗಲೇ ನಿಂಬೆರಸ ಬೀಳಬೇಕು. ಆಮೇಲೆ ಹಾಕಿದರೆ ಬಂದ ಬಣ್ಣ ಪೂರ್ತಿ ಹಿಂದೆ ಹೋಗುವುದಿಲ್ಲ.

ಮಿಕ್ಸಿಯಲ್ಲಿ ನೀರು ಹಾಕದೆ, ನಿಲ್ಲಿಸಿ ನಿಲ್ಲಿಸಿ, ರವೆಯಷ್ಟು ತರಿಯಾಗಿ ತಿರುವುತ್ತೇನೆ. ನುಣ್ಣಗಾದರೆ ಬಟ್ಟೆಯ ಕಣ್ಣು ಮುಚ್ಚಿ ರಸ ಇಳಿಯುವುದೇ ಇಲ್ಲ. ಕುದಿಸಿ ಒಣಗಿಸಿದ ಮಲ್ ಬಟ್ಟೆಯಲ್ಲಿ ಕಟ್ಟಿ, ತೂತಿನ ಪಾತ್ರೆಯಲ್ಲಿಟ್ಟು ಮೇಲೆ ಭಾರ ಹೇರಿದರೆ ಅರ್ಧ ಗಂಟೆಗೆ 4 ಕಿಲೋ ಹಣ್ಣಿನಿಂದ ಸುಮಾರು 2 ಲೀಟರ್. ಸಿಟ್ಟಿನಿಂದ ತಿರುಚಿ ಹಿಂಡಿದರೆ ಬರುವುದು ಗಸಿಯೇ. ಈ ರಸ ಸೈಡರ್.

ಆದರೆ ಹಸಿ ಸೈಡರ್ ಅಂದರೆ ಜೀವಂತ ಯೀಸ್ಟ್ ಇರುವ ರಸ. 38-40 ಡಿಗ್ರಿ ಬಿಸಿಲಿನ ಊರಿನಲ್ಲಿ ಬೆಳಿಗ್ಗೆ ಹೊರಗಿಟ್ಟದ್ದು ಸಂಜೆಗೆ ನೊರೆ ಕಟ್ಟಬಹುದು. ಬಿಗಿ ಮುಚ್ಚಳದ ಗಾಜಿನ ಬಾಟಲಿ ಒಡೆಯಲೂಬಹುದು. ರಸದಲ್ಲಿ ಸಕ್ಕರೆ 11-12 ಶೇಕಡ ಇರುವುದರಿಂದ ಪೂರ್ತಿ ಹುದುಗಿದರೆ ಆಲ್ಕೋಹಾಲ್ ಶೇಕಡ 6ರ ಆಸುಪಾಸು. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ. ಜೊತೆಗೆ ರೋಗಾಣು: 1996ರಲ್ಲಿ ಅಮೆರಿಕದಲ್ಲಿ ಕಾಯಿಸದ ಸೇಬಿನ ರಸದಿಂದ ಇ. ಕೋಲಿ ಹರಡಿ ಒಂದು ಮಗು ಸತ್ತಿತು. ಹಾಗಾಗಿ ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಿ ನಾನು ಹಸಿ ಸೈಡರ್ ಕೊಡುವುದಿಲ್ಲ, ಸೈಡರನ್ನೂ ಕಾಯಿಸಿಯೇ ಕೊಡುತ್ತೇನೆ. ಕಾಯಿಸಿದರೂ ಮಬ್ಬು ಉಳಿದಿದ್ದರೆ ಅದು ಸೈಡರೇ.

ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ 80 ಡಿಗ್ರಿಗೆ ತಂದು ಒಂದು ನಿಮಿಷ ನಿಲ್ಲಿಸಿ. ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿ ಹೋದ ಹಿತ್ತಾಳೆ ಬೇಡ, ಹುಳಿಗೆ ಲೋಹ ಬಿಡುತ್ತದೆ. ಅಡುಗೆ ಥರ್ಮಾಮೀಟರ್ ಇಲ್ಲದೆ ಇದು ಸಾಗುವುದಿಲ್ಲ. ಕುದಿಸಿದರೆ ಬೇಯಿಸಿದ ಸೇಬಿನ ವಾಸನೆ ಬಂದು ಹಣ್ಣಿನ ಘಮ ಹೋಗುತ್ತದೆ. ಬಾಟಲಿಯನ್ನು ಮೊದಲು ಬಿಸಿನೀರಿನಲ್ಲಿ ಕಾಯಿಸಿಕೊಳ್ಳಿ, ಇಲ್ಲವಾದರೆ ಬಿಸಿ ರಸಕ್ಕೆ ಬಿರಿಯುತ್ತದೆ. ಫ್ರಿಜ್ಜಿನಲ್ಲಿ ವಾರದೊಳಗೆ ಮುಗಿಸಿ. ಕರೆಂಟು ಬಹಳ ಹೊತ್ತು ಹೋದ ದಿನ ಲೆಕ್ಕ ಬದಲಾಗುತ್ತದೆ: ಮುಚ್ಚಳ ತೆಗೆದಾಗ ಉಸ್ಸೆಂದರೆ ಚೆಲ್ಲಿಬಿಡಿ.

ತಿಳಿ ಜ್ಯೂಸ್‌ಗೆ ಕ್ರಮ ಬೇರೆ, ಇಲ್ಲೇ ಹೆಚ್ಚು ಮಂದಿ ತಪ್ಪುವುದು. ರಸ ಮಬ್ಬಾಗಿರಲು ಮುಖ್ಯ ಕಾರಣ ಪೆಕ್ಟಿನ್, ಅಂದರೆ ಹಣ್ಣಿನಲ್ಲೇ ಇರುವ, ಜಾಮ್ ಗಟ್ಟಿಯಾಗಿಸುವ ಅಂಟು ಅಂಶ. ಮೊದಲೇ ಕಾಯಿಸಿದರೆ ಮಬ್ಬು ಗಟ್ಟಿಯಾಗಿ ನಿಲ್ಲುತ್ತದೆ. ಆಮೇಲೆ ಎಷ್ಟು ಸೋಸಿದರೂ ತಿಳಿಯಾಗದು. ಪೆಕ್ಟಿನ್ ಒಡೆಯುವ ಕಿಣ್ವವಾದ ಪೆಕ್ಟಿನೇಸ್ ಪುಡಿಯನ್ನು ಪೊಟ್ಟಣದ ಮೇಲಿನ ಅಳತೆಯಂತೆ ಹಸಿ ರಸಕ್ಕೆ ಕಲಸಿ, 45-50 ಡಿಗ್ರಿಯಲ್ಲಿ 2 ಗಂಟೆ ಇಡಬೇಕು. ಮುಚ್ಚಿದ ಪಾತ್ರೆಯನ್ನು ಬೆಚ್ಚನೆ ನೀರಿನ ದೊಡ್ಡ ಪಾತ್ರೆಯಲ್ಲಿ ಇಳಿಸಿಟ್ಟರೆ ಸಾಕು. 60 ದಾಟಿದರೆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಪರೀಕ್ಷೆಗೆ ಚಮಚ ರಸಕ್ಕೆ ಎರಡು ಚಮಚ ಸ್ಪಿರಿಟ್ ಬೆರೆಸಿ ನೋಡಿ, ಲೋಳೆ ಗಡ್ಡೆ ಕಟ್ಟಿದರೆ ಪೆಕ್ಟಿನ್ ಇನ್ನೂ ಇದೆ. ಆ ಮಾದರಿ ಕುಡಿಯಲು ಅಲ್ಲ, ಚೆಲ್ಲಲು. ಗಸಿ ತಳ ಕಂಡ ಮೇಲೆ ಮೇಲಿನ ತಿಳಿಯನ್ನು ಪೈಪಿನಿಂದ ಎಳೆದು, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಕೊನೆಗೆ 80 ಡಿಗ್ರಿಗೆ ಕಾಯಿಸಬೇಕು. ಕಿಣ್ವ ಸಿಗದಿದ್ದರೆ ಹಸಿ ರಸವನ್ನು ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟು ತಿಳಿ ಬಸಿದುಕೊಳ್ಳಬಹುದು, ಆದರೆ ಅಂಗಡಿಯ ಪಾಕೆಟ್ಟಿನಂತೆ ಹೊಳೆಯುವುದಿಲ್ಲ. ಆ ಪಾಕೆಟ್ಟಿನ ಮೇಲೆ ಫ್ರೂಟ್ ಡ್ರಿಂಕ್ ಎಂದಿದ್ದರೆ ಹಣ್ಣಿನ ರಸ ಶೇಕಡ 10 ಇದ್ದರೂ ಸಾಕು, ಉಳಿದದ್ದು ನೀರು, ಸಕ್ಕರೆ.

ಹೆಚ್ಚು ದಿನ ಇಡುವುದಾದರೆ ಡೀಪ್ ಫ್ರೀಜರ್ ಒಳ್ಳೆಯದು, ಬಾಟಲಿಯ ಹತ್ತನೇ ಒಂದು ಭಾಗ ಖಾಲಿ ಬಿಟ್ಟು. ಹಿಂಡಿ ಉಳಿದ ತಿರುಳನ್ನು ಬೆಲ್ಲ, ಏಲಕ್ಕಿ ಹಾಕಿ ಕಾಸಿದರೆ ಚಪಾತಿಗೆ ಜಾಮ್ ಆಗುತ್ತದೆ. ಪೆಕ್ಟಿನ್ ಹೆಚ್ಚಾಗಿ ಅದರಲ್ಲೇ ಉಳಿದಿರುವುದರಿಂದ ಬೇಗ ಹದಕ್ಕೆ ಬರುತ್ತದೆ.