ಗೇಟಿನ ಬೋರ್ಡು, ಜೀಪಿನ ಸ್ಟಿಕ್ಕರ್, ಜೇನಿನ ಲೇಬಲ್: ಕೊಡಗಿನ ಮಳೆಗೆ ತಕ್ಕಂತೆ ನಾನು ಮಾಡುವ ರೀತಿ

ಬೋರ್ಡು ಎಲ್ಲಿ ನಿಲ್ಲುತ್ತದೆ ಎಂದು ತಿಳಿಯದೆ ನಾನು ಡಿಸೈನ್ ಶುರು ಮಾಡುವುದಿಲ್ಲ. ಕುಶಾಲನಗರದ ಪೇಟೆಯಲ್ಲಿ ವರ್ಷಗಟ್ಟಲೆ ಬಾಳುವ ಸ್ಟಿಕ್ಕರ್ ಭಾಗಮಂಡಲದ ಕಡೆ ಒಂದೇ ಮಳೆಗಾಲಕ್ಕೆ ಅಂಚು ಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಹಲಗೆ ಸರಿಯಾಗಿ ಒಣಗುವುದೇ ಇಲ್ಲ. ನೀರು ಅಂಚಿನಿಂದ ಗಮ್ಮಿಗೆ ಇಳಿಯುತ್ತದೆ, ಆ ಸಂದಿಯಲ್ಲಿ ಮಣ್ಣು ಕೂರುತ್ತದೆ, ಮಣ್ಣಿನ ಮೇಲೆ ಪಾಚಿ ಹಿಡಿಯುತ್ತದೆ. ಆಮೇಲೆ ಎಷ್ಟು ಒತ್ತಿದರೂ ಅದು ಅಂಟುವುದಿಲ್ಲ. ನನ್ನ ಬಳಿ ಹೆಚ್ಚಾಗಿ ಬರುವ ಕೆಲಸ ಮೂರು: ಹೋಂಸ್ಟೇ ಅಥವಾ ಎಸ್ಟೇಟಿನ ಗೇಟ್ ಬೋರ್ಡು, ಜೀಪಿನ ಸ್ಟಿಕ್ಕರ್, ಜೇನು ಮತ್ತು ಕಾಫಿ ಪುಡಿಯ ಲೇಬಲ್. ಮೂರಕ್ಕೂ ಮಾಲು ಬೇರೆ, ಮುದ್ರಣ ಬೇರೆ. ಅಕ್ಷರದ ತಯಾರಿ ಮಾತ್ರ ಒಂದೇ.

ಗಿರಾಕಿಗಳು ಲೋಗೋ ಕಳಿಸುವುದು ವಾಟ್ಸಾಪಿನಲ್ಲಿ. ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಮೊದಲೇ ಹೇಳಿಬಿಡುತ್ತೇನೆ. ಬರೀ ವಿಸಿಟಿಂಗ್ ಕಾರ್ಡಿನ ಫೋಟೊ ಇದ್ದರೆ ಆಟೋ ಟ್ರೇಸ್ (ಫೋಟೊವನ್ನು ಸಾಫ್ಟ್‌ವೇರೇ ಗೆರೆಯಾಗಿಸುವ ಸೌಲಭ್ಯ) ಒತ್ತಿ ಮುಗಿಸುವುದಿಲ್ಲ, ಪೆನ್ ಟೂಲ್ ಹಿಡಿದು ಕೈಯಲ್ಲೇ ಮತ್ತೆ ಬರೆಯುತ್ತೇನೆ. ಆಟೋ ಟ್ರೇಸ್ ಒಂದು ಸಣ್ಣ ಎಲೆಗೆ ಇನ್ನೂರು ನೋಡ್, ಅಂದರೆ ಗೆರೆ ತಿರುಗುವ ಬಿಂದು, ಇಡುತ್ತದೆ. ಸ್ಟಿಕ್ಕರ್ ಶೀಟು ಕತ್ತರಿಸುವ ಯಂತ್ರವಾದ ಪ್ಲಾಟರಿನ ಬ್ಲೇಡು ಪ್ರತಿ ನೋಡ್‌ನಲ್ಲೂ ತಡವರಿಸಿ ಅಂಚು ಗರಗಸದಂತಾಗುತ್ತದೆ. ಅದೇ ಎಲೆಗೆ ಕೈಯಲ್ಲಿ ಎಂಟು ನೋಡ್ ಸಾಕು. ಫೋಟೊ ಇರುವ ಡಿಸೈನ್ ಆದರೆ ಬೋರ್ಡಿನ ನಿಜವಾದ ಅಳತೆಯಲ್ಲಿ 100ರಿಂದ 150 ಡಿಪಿಐ (ಇಂಚಿಗೆ ಅಷ್ಟು ಚುಕ್ಕಿ) ಸಾಕು. ಕೈಯಲ್ಲಿ ಹಿಡಿದು ಓದುವ ಲೇಬಲ್‌ಗೆ 300 ಬೇಕು.

ಕನ್ನಡ ಅಕ್ಷರಕ್ಕೆ ಬಂದರೆ ಇಲ್ಲಿ ಅವಸರ ಮಾಡಲೇಬಾರದು. ಕನ್ನಡ ಟೈಪಿಂಗಿನ ‘ನುಡಿ’ ಸಾಫ್ಟ್‌ವೇರಿನ ಹಳೆಯ ಫಾಂಟುಗಳಲ್ಲಿ ಒಂದು ಅಕ್ಷರ ಎರಡು ಮೂರು ತುಂಡುಗಳಿಂದ ಕೂಡಿರುತ್ತದೆ. ‘ಕೇ’ ಎಂದು ಟೈಪ್ ಮಾಡಿದರೆ ಮುಖ್ಯ ಅಕ್ಷರ ಒಂದು ತುಂಡು, ದೀರ್ಘದ ಗುರುತು ಇನ್ನೊಂದು. ಪ್ರಿಂಟಿನಲ್ಲಿ ಇದು ಕಾಣುವುದಿಲ್ಲ. ರೇಡಿಯಂ ಕಟಿಂಗಿಗೆ, ಅಂದರೆ ಸ್ಟಿಕ್ಕರ್ ಶೀಟಿನಿಂದ ಅಕ್ಷರ ಕತ್ತರಿಸಲು, ಹಾಕಿದಾಗ ಬ್ಲೇಡು ಎರಡೂ ತುಂಡುಗಳ ಗೆರೆಯ ಮೇಲೆ ಓಡಿ, ತುಂಡುಗಳು ಒಂದರ ಮೇಲೊಂದು ಬಿದ್ದ ಕಡೆ ಅಕ್ಷರವನ್ನೇ ಕತ್ತರಿಸುತ್ತದೆ. ಆದ್ದರಿಂದ ಕೋರಲ್‌ಡ್ರಾ ಸಾಫ್ಟ್‌ವೇರಿನಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿದ (ಅಕ್ಷರವನ್ನು ಫಾಂಟ್ ಬೇಡದ ಗೆರೆಯ ಚಿತ್ರವಾಗಿಸಿದ) ಮೇಲೆ ಒಂದೊಂದೇ ಅಕ್ಷರವನ್ನು ವೆಲ್ಡ್ ಮಾಡಿ ತುಂಡುಗಳನ್ನು ಒಂದಾಗಿಸಬೇಕು. ಆಮೇಲೆ ಔಟ್‌ಲೈನ್ ನೋಟದಲ್ಲಿ ಇಟ್ಟು, ಒಳಗೆ ಅಡ್ಡ ಗೆರೆ ಉಳಿದಿದೆಯೇ ಎಂದು ಕಣ್ಣಾಡಿಸಬೇಕು. ಕರ್ವ್ ಮಾಡದ ಫೈಲನ್ನು ಬೇರೆ ಊರಿನ ಪ್ರೆಸ್ಸಿಗೆ ಕಳಿಸುವುದಂತೂ ಬೇಡವೇ ಬೇಡ. ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ. ಯೂನಿಕೋಡ್ ಆದರೆ ಹಳೆಯ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಬಿಚ್ಚಿಕೊಂಡು ಪಕ್ಕಕ್ಕೆ ಬಂದು ನಿಲ್ಲುತ್ತದೆ, ಅರ್ಕಾವತ್ತು ಜಾಗ ತಪ್ಪುತ್ತದೆ. ಕರ್ವ್ ಮಾಡಿದ ಪಿಡಿಎಫ್ ಜೊತೆಗೆ ಒಂದು ಜೆಪಿಇಜಿಯನ್ನೂ ಕಳಿಸಿ, ಪ್ರಿಂಟಿಗೆ ಮುಂಚೆ ಎರಡನ್ನೂ ಹೋಲಿಸಿ ನೋಡಿ ಎನ್ನುತ್ತೇನೆ.

ಇನ್ನೊಂದು ತಪ್ಪು ಇನ್ನೂ ಸೂಕ್ಷ್ಮ. ‘ಭಾಗಮಂಡಲ’ ಎಂದು ದಪ್ಪ ಫಾಂಟಿನಲ್ಲಿ ಬರೆದು, ಎದ್ದು ಕಾಣಲಿ ಎಂದು ಸುತ್ತ ಔಟ್‌ಲೈನ್ ಕೊಟ್ಟರೆ ‘ಭ’ದ ಹೊಟ್ಟೆ ಸೀಳು ಮುಚ್ಚಿಹೋಗುತ್ತದೆ. ರಸ್ತೆಯಿಂದ ಓದುವವನಿಗೆ ಅದು ‘ಬಾಗಮಂಡಲ’. ಧ, ಢ, ಭ ಮೂರಕ್ಕೂ ಇದೇ ಗತಿ. ಅವು ಒತ್ತಕ್ಷರವಾಗಿ ಕೆಳಗೆ ಇಳಿದಾಗ ಇನ್ನೂ ಕಷ್ಟ. ನಾನು ಆ ಸೀಳನ್ನು ಕೈಯಲ್ಲಿ ಅಗಲ ಮಾಡುತ್ತೇನೆ: ನಿಜ ಅಳತೆಯಲ್ಲಿ ಸೀಳು ಕನಿಷ್ಠ 3 ಮಿಲಿಮೀಟರ್ ಇರಬೇಕು. ಕಟಿಂಗಿನಲ್ಲಿ ಯಾವ ಗೆರೆಯೂ 2 ಮಿಲಿಮೀಟರ್‌ಗಿಂತ ಸಣ್ಣಗಿರಬಾರದು, ಇಲ್ಲದಿದ್ದರೆ ಬೇಡದ ವಿನೈಲ್ (ಸ್ಟಿಕ್ಕರಿನ ಪ್ಲಾಸ್ಟಿಕ್ ಹಾಳೆ) ಕೀಳುವಾಗ ಒತ್ತೂ ಜೊತೆಗೆ ಎದ್ದು ಬರುತ್ತದೆ. ಮುಖ್ಯ ಅಕ್ಷರ ಒಂದು ಇಂಚಿಗಿಂತ ಚಿಕ್ಕದಾದರೆ ಕಟಿಂಗ್ ಬಿಟ್ಟು ಪ್ರಿಂಟ್ ಮಾಡುವುದೇ ಒಳ್ಳೆಯದು.

ಅಕ್ಷರದ ಎತ್ತರವನ್ನು ಲೆಕ್ಕ ಹಾಕಿಯೇ ಇಡುತ್ತೇನೆ. ತಿರುವಿನ ರಸ್ತೆಯಲ್ಲಿ ಗಾಡಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬಂದರೆ ಸೆಕೆಂಡಿಗೆ ಸುಮಾರು 8 ಮೀಟರ್ ದಾಟುತ್ತದೆ. ಓದಿ, ಬ್ರೇಕ್ ಒತ್ತಿ, ತಿರುಗಲು ನಾಲ್ಕು ಸೆಕೆಂಡ್ ಎಂದರೆ 110 ಅಡಿ ದೂರದಿಂದ ಕಾಣಬೇಕು. 25 ಅಡಿಗೆ ಒಂದು ಇಂಚು ಎಂದು ಹಿಡಿದರೆ ನಾಲ್ಕೂವರೆ ಇಂಚು. ನಾನು 5 ಇಂಚು ಇಡುತ್ತೇನೆ. ಇದು ಒತ್ತು, ಗುಡಿಸು ಬಿಟ್ಟು ಬರೀ ಮುಖ್ಯ ಅಕ್ಷರದ ಎತ್ತರ. ಮೇಲಿನ ಕೆಳಗಿನ ಗುರುತು ಸೇರಿದರೆ ಆ ಸಾಲಿಗೆ 10 ಇಂಚು ಜಾಗ ಬೇಕು. ಇಂಗ್ಲಿಷಿನ ಲೆಕ್ಕದಲ್ಲಿ ಸಾಲು ಹಾಕುವವರು ಎಡವುವುದು ಇಲ್ಲೇ: ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿ ಕಾಯ್ದೆಯಂತೆ ವ್ಯಾಪಾರದ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಹಾಗಾಗಿ ಮೇಲೆ ಕನ್ನಡ 5 ಇಂಚು, ಕೆಳಗೆ ಇಂಗ್ಲಿಷ್ 3 ಇಂಚು, ಒಂದು ಬಾಣ. ಫೋನ್ ನಂಬರ್, ಈಜುಕೊಳದ ಚಿತ್ರ, ಊಟದ ವಿವರ ಇವೆಲ್ಲ ಗೇಟಿನ ಒಳಗಿನ ಬೋರ್ಡಿಗೆ. ಪ್ರಿಂಟಿಗೆ ಮುಂಚೆ ಒಂದು ಅಕ್ಷರವನ್ನು ನಿಜ ಅಳತೆಯಲ್ಲಿ ಕಾಗದದ ಮೇಲೆ ತೆಗೆದು ಗೇಟಿಗೆ ಅಂಟಿಸಿ, ತಿರುವಿನಿಂದ ನೋಡಿ ಬರುತ್ತೇನೆ. ಮಾಲೀಕರು ಜೊತೆಗೆ ಬಂದರೆ ಅಳತೆಯ ಚರ್ಚೆ ಅಲ್ಲೇ ಮುಗಿಯುತ್ತದೆ.

ಗೇಟ್ ಬೋರ್ಡಿಗೆ ಫ್ಲೆಕ್ಸ್ ಬೇಡ. ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಿಂದ ನಿಷೇಧವಿದೆ, ಜೊತೆಗೆ ನಮ್ಮ ತೇವಕ್ಕೆ ಅದರ ಮೇಲೆ ಕಪ್ಪು ಬೂಷ್ಟು ಬರುತ್ತದೆ. ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಫೋಮಿನ ಹಲಗೆ ಒಳಗಿನ ಕೆಲಸಕ್ಕೆ ಸರಿ. ಹೊರಗೆ ಗಾಳಿಗೆ ಸ್ಕ್ರೂ ಹತ್ತಿರ ಮುರಿಯುತ್ತದೆ. ನಾನು ಬಳಸುವುದು 3 ಮಿಲಿಮೀಟರ್ ಎಸಿಪಿ, ಅಂದರೆ ಎರಡು ಅಲ್ಯೂಮಿನಿಯಂ ತಗಡಿನ ನಡುವೆ ಪ್ಲಾಸ್ಟಿಕ್ ಇರುವ ಹಲಗೆ. 8 ಅಡಿ ಉದ್ದ, 4 ಅಡಿ ಅಗಲದ ಶೀಟಿನಲ್ಲಿ 4×2 ಅಡಿಯ ನಾಲ್ಕು ಬೋರ್ಡು ಚೂರೂ ವ್ಯರ್ಥವಾಗದೆ ಬರುತ್ತವೆ. ನಾಲ್ಕೂ ಬದಿ ಒಂದೊಂದು ಇಂಚು ಹಿಂದಕ್ಕೆ ಮಡಚುತ್ತೇನೆ, ಮುಖ 46×22 ಇಂಚು ಉಳಿಯುತ್ತದೆ. ಸ್ಟಿಕ್ಕರ್ ಈ ಮಡಿಕೆಯ ಮೇಲೂ ಸುತ್ತಿ ಹಿಂದೆ ಹೋಗಬೇಕು. ಮುಂದೆ ಅಂಚೇ ಇಲ್ಲದಿದ್ದರೆ ನೀರಿಗೆ ದಾರಿಯಿಲ್ಲ. ಆದ್ದರಿಂದ ಆರ್ಟ್‌ವರ್ಕ್‌ನಲ್ಲಿ ಹಿನ್ನೆಲೆಯ ಬಣ್ಣ ಮುಖದ ಅಳತೆಗಿಂತ ಎಲ್ಲ ಬದಿಗೂ ಒಂದೂವರೆ ಇಂಚು ಹೆಚ್ಚು ಇರುತ್ತದೆ.

ಮಂಜಿನ ರಸ್ತೆಯಲ್ಲಿ ಬಿಳಿ ಬೋರ್ಡು ಹೆಡ್‌ಲೈಟಿಗೆ ಮಂಜಿನ ಜೊತೆಗೇ ಬೆರೆತುಹೋಗುತ್ತದೆ. ಕಡು ಹಸಿರು ಅಥವಾ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಥವಾ ಹಳದಿ ರಿಫ್ಲೆಕ್ಟಿವ್ ಅಕ್ಷರ ಕತ್ತರಿಸಿ ಅಂಟಿಸುತ್ತೇನೆ. ರಿಫ್ಲೆಕ್ಟಿವ್ ಅಕ್ಷರಕ್ಕೆ ಅತಿ ದಪ್ಪ ಫಾಂಟ್ ಬೇಡ. ರಾತ್ರಿ ಬೆಳಕು ಬಿದ್ದಾಗ ಅಕ್ಷರ ಉಬ್ಬಿದಂತೆ ಕಾಣುತ್ತದೆ, ಕನ್ನಡದ ದುಂಡನೆಯ ಹೊಟ್ಟೆಗಳು ಬೆಳಕಿನಲ್ಲಿ ತುಂಬಿಹೋಗುತ್ತವೆ. ಮಧ್ಯಮ ದಪ್ಪ, ಅಕ್ಷರಗಳ ನಡುವೆ ಮಾಮೂಲಿಗಿಂತ ತುಸು ಹೆಚ್ಚು ಅಂತರ ಇದ್ದರೆ ಓದಲು ಸುಲಭ. ಈ ಶೀಟು ದಪ್ಪ, ಆದ್ದರಿಂದ 60 ಡಿಗ್ರಿ ಬ್ಲೇಡು, ಹೆಚ್ಚು ಒತ್ತಡ, ಕಡಿಮೆ ವೇಗ.

ಬಣ್ಣದ ಪ್ರಿಂಟ್ ಬೇಕಾದಲ್ಲಿ ಇಕೋ ಸಾಲ್ವೆಂಟ್ ಶಾಯಿಯ ಯಂತ್ರ. ಫೈಲ್ ಸಿಎಂವೈಕೆ, ಅಂದರೆ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿಯ ಶೇಕಡಾ ಲೆಕ್ಕದಲ್ಲಿ. ನೀಲಿಗೆ ಸಯಾನ್ 100, ಮೆಜೆಂಟಾ 100 ಕೊಟ್ಟರೆ ನೇರಳೆ ಬರುತ್ತದೆ. ಮೆಜೆಂಟಾ 65 ದಾಟಬಾರದು. ದೊಡ್ಡ ಕಪ್ಪು ಜಾಗಕ್ಕೆ ಬರೀ ಕಪ್ಪು ಶಾಯಿ ಬೂದಿಯಂತೆ ಕಾಣುತ್ತದೆ, ಅದಕ್ಕೆ ಆ ನಾಲ್ಕು ಬಣ್ಣ ಕ್ರಮವಾಗಿ 60, 40, 40, 100. ನಾಲ್ಕೂ ಬಣ್ಣ ಸೇರಿ 280 ದಾಟದಂತೆ ನೋಡಿಕೊಳ್ಳುತ್ತೇನೆ. ಶಾಯಿ ಹೆಚ್ಚಾದರೆ ಅದರಲ್ಲಿನ ಸಾಲ್ವೆಂಟ್ ವಿನೈಲಿನೊಳಗೆ ಇಳಿದು ಗಮ್ಮನ್ನು ಮೆತ್ತಗೆ ಮಾಡುತ್ತದೆ. ಇದೇ ಕಾರಣಕ್ಕೆ ಪ್ರಿಂಟ್ ಆದ ತಕ್ಷಣ ಲ್ಯಾಮಿನೇಷನ್ ಮಾಡಬಾರದು. ರೋಲನ್ನು ಸಡಿಲವಾಗಿ ಬಿಚ್ಚಿ 24 ಗಂಟೆ ಗಾಳಿಗೆ ಬಿಡಬೇಕು, ಮಳೆಗಾಲದಲ್ಲಿ ನಾನು 48 ಗಂಟೆ ಬಿಡುತ್ತೇನೆ. ನಾಳೆಯೇ ಬೇಕು ಎಂದು ಒತ್ತಾಯಿಸುವವರಿಗೆ ಕಟಿಂಗ್ ಕೆಲಸ ಮಾಡಿಕೊಡುತ್ತೇನೆಯೇ ಹೊರತು ಹಸಿ ಪ್ರಿಂಟಿನ ಮೇಲೆ ಲ್ಯಾಮಿನೇಷನ್ ಎಳೆಯುವುದಿಲ್ಲ.

ಅಗ್ಗದ ಮೋನೋಮೆರಿಕ್ ವಿನೈಲ್ ಎರಡು ಮೂರು ವರ್ಷಕ್ಕೆ ಕುಗ್ಗುತ್ತದೆ, ಸುತ್ತ ಗಮ್ಮಿನ ಗೆರೆ ಹೊರಗೆ ಬಂದು ಧೂಳು ಹಿಡಿದು ಕಪ್ಪಾಗುತ್ತದೆ. ಬೋರ್ಡಿಗೆ ಕಡಿಮೆ ಕುಗ್ಗುವ ಪಾಲಿಮೆರಿಕ್ ಹಾಕಿದರೆ ಐದಾರು ವರ್ಷಕ್ಕೆ ಚಿಂತೆಯಿಲ್ಲ. ಮಾಂದಲಪಟ್ಟಿಗೆ ಓಡುವ ಜೀಪಿನ ಬಾಗಿಲಿಗೂ ಇದು ಸಾಕು. ಮಡ್‌ಗಾರ್ಡ್‌ನಂಥ ಉಬ್ಬು ತಗ್ಗಿಗೆ ಮಾತ್ರ ಆಕಾರಕ್ಕೆ ಬಗ್ಗುವ 50 ಮೈಕ್ರಾನಿನ ತೆಳು ಕಾಸ್ಟ್ ವಿನೈಲ್ ಬೇಕು, ಅಂಟಿಸಿದ ಮೇಲೆ ತಗ್ಗಿನ ಭಾಗಕ್ಕೆ 90 ಡಿಗ್ರಿಗೆ ಮೇಲ್ಪಟ್ಟು ಬಿಸಿ ಹಿಡಿಯಬೇಕು. ಇಲ್ಲದಿದ್ದರೆ ಎಳೆದ ವಿನೈಲ್ ಹಿಂದಿನ ಆಕಾರಕ್ಕೆ ಮರಳಲು ಹೋಗಿ ಏಳುತ್ತದೆ. ಜೀಪಿನ ಸ್ಟಿಕ್ಕರಿಗೆ ಚೂಪು ಮೂಲೆ ಇಡಬೇಡಿ. 5 ಮಿಲಿಮೀಟರ್ ತ್ರಿಜ್ಯದಲ್ಲಿ ದುಂಡಗೆ ಮಾಡಿದರೆ ಪ್ರೆಷರ್ ವಾಷಿನ ನೀರಿಗೆ ಹಿಡಿಯಲು ತುದಿ ಸಿಗುವುದಿಲ್ಲ. ಹೊಸದಾಗಿ ಪೇಂಟ್ ಆದ ಗಾಡಿಯಾದರೆ ಮೂರು ವಾರ ಕಾಯಬೇಕು. ಪೇಂಟಿನಿಂದ ಹೊರಡುವ ಆವಿಗೆ ಸ್ಟಿಕ್ಕರ್ ಗುಳ್ಳೆ ಏಳುತ್ತದೆ.

ಜೇನಿನ ಬಾಟಲಿಗೆ ಕಾಗದದ ಗಮ್ಮಿಂಗ್ ಶೀಟ್ ಬೇಡ. ಜಿನುಗಿದ ಜೇನು, ತೇವದ ಕೈ ಎರಡೂ ತಾಗಿ ಅದು ಉಬ್ಬುತ್ತದೆ. ಬಿಳಿ ಪಿಪಿ (ನೀರು ಹೀರದ ಪ್ಲಾಸ್ಟಿಕ್) ಶೀಟಿನ ಮೇಲೆ ಲೇಸರ್ ಡಿಜಿಟಲ್ ಪ್ರಿಂಟ್ ತೆಗೆಸುತ್ತೇನೆ. ಪಾರದರ್ಶಕ ಸ್ಟಿಕ್ಕರ್ ಕೇಳುವವರಿದ್ದಾರೆ, ಆದರೆ ಅಡಿಯಲ್ಲಿ ಬಿಳಿ ಶಾಯಿ ಇಲ್ಲದಿದ್ದರೆ ಜೇನಿನ ಕಂದು ಬಣ್ಣದಲ್ಲಿ ಅಕ್ಷರ ಮುಳುಗುತ್ತದೆ. 12×18 ಇಂಚಿನ ಶೀಟಿನಲ್ಲಿ ಪ್ರಿಂಟ್ ಆಗುವ ಜಾಗ ಸುಮಾರು 295×445 ಮಿಲಿಮೀಟರ್. 60×80 ಮಿಲಿಮೀಟರಿನ ಲೇಬಲನ್ನು ಎಲ್ಲ ಬದಿಗೂ ಒಂದೂವರೆ ಮಿಲಿಮೀಟರ್ ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಇಟ್ಟು ನೆಟ್ಟಗೆ ಜೋಡಿಸಿದರೆ 20, ಅಡ್ಡ ಜೋಡಿಸಿದರೆ 21. ಸಾವಿರ ಲೇಬಲಿಗೆ ಎರಡು ಶೀಟು ಉಳಿಯುತ್ತದೆ. ಕಾಫಿ ಪುಡಿಯ ಬಟ್ಟೆ ಚೀಲಕ್ಕೆ ಒಂದೆರಡು ಬಣ್ಣದ ಸ್ಕ್ರೀನ್ ಪ್ರಿಂಟೇ ಸರಿ. ಬಣ್ಣಕ್ಕೊಂದು ಸ್ಕ್ರೀನ್ ಬೇಕಾದ್ದರಿಂದ ಇನ್ನೂರು ಚೀಲಕ್ಕಿಂತ ಕಡಿಮೆಗೆ ಗಿಟ್ಟುವುದಿಲ್ಲ.

ಅಂಟಿಸುವ ಕೆಲಸವನ್ನು ಬೆಳಿಗ್ಗೆ 11ರ ಮುಂಚೆ ಹಿಡಿಯುವುದಿಲ್ಲ. ಮಂಜಿನ ತೇವ ಹಲಗೆಯ ಮೇಲೆ ಕಣ್ಣಿಗೆ ಕಾಣದ ಪೊರೆಯಾಗಿ ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಆರುವ ಮುಂಚೆಯೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ, ಹೀಟ್ ಗನ್ನಿನಿಂದ ಹಲಗೆಯನ್ನು ಕೈಗೆ ಬೆಚ್ಚಗಾಗುವಷ್ಟು ಮಾಡುತ್ತೇನೆ. ಥಿನ್ನರ್ ಬಳಸಿದರೆ ಎಸಿಪಿಯ ಬಣ್ಣ, ಗಾಡಿಯ ಪೇಂಟ್ ಎರಡೂ ಹಾಳು. ಸ್ಟಿಕ್ಕರಿನ ನಡುವೆ ಮಾಸ್ಕಿಂಗ್ ಟೇಪಿನ ಪಟ್ಟಿ ಹಾಕಿ, ಅರ್ಧ ಭಾಗದ ಹಿಂಬದಿ ಕಾಗದ ಕತ್ತರಿಸಿ ತೆಗೆದು, ನಡುವಿನಿಂದ ಅಂಚಿಗೆ ಸ್ಕ್ವೀಜಿ (ಒತ್ತಿ ಎಳೆಯುವ ಪಟ್ಟಿ) ಎಳೆಯಬೇಕು. ಸೋಪು ನೀರು ಹಾಕುವುದು ಗಾಜಿಗೆ ಮಾತ್ರ. ಮಳೆಗಾಲದಲ್ಲಿ ಎಸಿಪಿಯ ಮೇಲೆ ಹಾಕಿದರೆ ಅಡಿಯ ನೀರು ವಾರವಾದರೂ ಆರುವುದಿಲ್ಲ.

ಬೋರ್ಡು ನಿಲ್ಲಿಸುವಾಗ ಸುಲಭಕ್ಕೆ ತುಕ್ಕು ಹಿಡಿಯದ ಎಸ್ಸೆಸ್ 304 ಸ್ಟೀಲಿನ ಸ್ಕ್ರೂ, ಅದರ ಕೆಳಗೆ ರಬ್ಬರ್ ವಾಷರ್. ಸಾಧಾರಣ ಕಬ್ಬಿಣದ ಸ್ಕ್ರೂ ಒಂದೇ ಮಳೆಗೆ ತುಕ್ಕು ಕಾರಿ ಅಕ್ಷರದ ಮೇಲೆ ಕಂದು ಗೆರೆ ಇಳಿಸುತ್ತದೆ. ಮಡಿಕೆಯ ಕೆಳ ಬದಿಯಲ್ಲಿ 6 ಮಿಲಿಮೀಟರಿನ ಎರಡು ತೂತು ಕೊರೆದು ಒಳಗೆ ಸೇರಿದ ನೀರಿಗೆ ಹೊರದಾರಿ ಮಾಡುತ್ತೇನೆ. ಗೋಡೆಗೆ ಹಾಕುವ ಬೋರ್ಡಾದರೆ ಹಿಂದೆ ಅರ್ಧ ಇಂಚು ಸಂದಿ ಬಿಡುತ್ತೇನೆ. ಸಿಲ್ವರ್ ಓಕ್ ಮರಕ್ಕೆ ಮೊಳೆ ಹೊಡೆದು ನೇತುಹಾಕುವ ಕೆಲಸ ಒಪ್ಪಿಕೊಳ್ಳುವುದಿಲ್ಲ. ಸತು ಲೇಪಿಸಿದ ಎರಡು ಜಿಐ ಪೈಪು ನೆಟ್ಟು, ಎರಡು ಅಡಿ ಆಳಕ್ಕೆ ಕಾಂಕ್ರೀಟ್ ಹಾಕಿಸಿದ ಮೇಲೆಯೇ ಬೋರ್ಡು ಒಯ್ಯುತ್ತೇನೆ. ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಮೆತ್ತನೆಯ ಬಟ್ಟೆ, ಸೋಪು ನೀರಿನಲ್ಲಿ ತೊಳೆಯಿರಿ ಎಂದು ಮಾಲೀಕರಿಗೆ ಹೇಳುತ್ತೇನೆ. ಪಾತ್ರೆ ಉಜ್ಜುವ ಸ್ಕ್ರಬ್ಬರ್ ತಾಗಿದರೆ ಲ್ಯಾಮಿನೇಷನ್ ಮೇಲೆ ಗೀರು ಬಿದ್ದು, ಮುಂದಿನ ಪಾಚಿ ಆ ಗೀರಿನಲ್ಲೇ ಹಿಡಿಯುತ್ತದೆ.