ಹಾರ್ಟ್ ರೇಟ್ ಜೋನ್‌ಗಾಗಿ ಟೆಸ್ಟ್: ಎಲ್ಲಿ ಮಾಡಿಸಬೇಕು, ಫೋನಿನಲ್ಲಿ ಏನು ಕೇಳಬೇಕು

ವಿಜಯಪುರ, ಬಾಗಲಕೋಟೆ ಕಡೆಯ ಸೈಕ್ಲಿಸ್ಟ್‌ಗಳಿಗಾಗಲಿ, ಬೆಳಗಾವಿಯಲ್ಲಿ ಹಾಫ್ ಮ್ಯಾರಥಾನ್‌ಗೆ ತಯಾರಾಗುವವರಿಗಾಗಲಿ ಹಾರ್ಟ್ ರೇಟ್ ನೋಡಿಕೊಂಡು ತರಬೇತಿ ಮಾಡುವುದು ಹೊಸದಲ್ಲ. ಆದರೆ ಹೆಚ್ಚಿನವರ ವಾಚ್‌ನಲ್ಲಿರುವ ಜೋನ್‌ಗಳು (ಹಗುರ, ಮಧ್ಯಮ, ಜೋರು ಶ್ರಮ ಎಂದು ಬಡಿತವನ್ನು ಭಾಗ ಮಾಡಿದ ಮೆಟ್ಟಿಲುಗಳು) 220ರಲ್ಲಿ ವಯಸ್ಸು ಕಳೆದು ಸಿಗುವ ಗರಿಷ್ಠ ಬಡಿತದಿಂದ ಬಂದವು. ಆ ಲೆಕ್ಕ ನೂರಾರು ಜನರ ಸರಾಸರಿಗೆ ಸರಿ. ಒಬ್ಬೊಬ್ಬರನ್ನೇ ನೋಡಿದರೆ ಹತ್ತು-ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. 40 ವರ್ಷದವರಿಗೆ ಅದು 180 ಎನ್ನುತ್ತದೆ; ನಿಜವಾದ ಗರಿಷ್ಠ 168 ಇದ್ದವರೂ ಇದ್ದಾರೆ, 192 ಇದ್ದವರೂ ಇದ್ದಾರೆ. ಮೊದಲನೆಯವರು ಹಗುರ ಓಟ ಅಂದುಕೊಂಡು ದಿನಾ ಏದುಸಿರು ಬಿಡುತ್ತಾರೆ, ಎರಡನೆಯವರಿಗೆ ಬೆವರೇ ಬರುವುದಿಲ್ಲ.

ನಿಮ್ಮದೇ ಜೋನ್ ತಿಳಿಯಲು ಲ್ಯಾಬ್‌ನಲ್ಲಿ ಟೆಸ್ಟ್ ಇದೆ: ಹಂತ ಹಂತವಾಗಿ ಓಡಿಸುತ್ತ ಅಥವಾ ಸೈಕಲ್ ತುಳಿಸುತ್ತ ನಿಮ್ಮ ಉಸಿರನ್ನೋ, ಸ್ನಾಯು ಜೋರಾಗಿ ದುಡಿದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಎಂಬ ವಸ್ತುವನ್ನೋ ಅಳೆಯುತ್ತಾರೆ. ಅದಕ್ಕೆ ರೊಕ್ಕ ಕೊಡುವುದು ಎರಡು ಸಂಖ್ಯೆಗಳಿಗಾಗಿ. ಮೊದಲನೆಯದು, ಪೂರ್ತಿ ವಾಕ್ಯದಲ್ಲಿ ಮಾತಾಡುತ್ತ ಓಡುವುದು ಕಷ್ಟವಾಗತೊಡಗುವ ಹಂತದ ಬಡಿತ. ಎರಡನೆಯದು, ಅದಕ್ಕಿಂತ ಮೇಲೆ ಹೋದರೆ ಬಹಳ ಹೊತ್ತು ತಡೆಯಲಾಗದು ಎನ್ನುವ ಹಂತದ ಬಡಿತ. ಮೊದಲ ಥ್ರೆಶೋಲ್ಡ್, ಎರಡನೇ ಥ್ರೆಶೋಲ್ಡ್ ಅಂತ ಇವುಗಳ ಹೆಸರು. ಜೋನ್‌ಗಳೆಲ್ಲ ಇವೆರಡರ ಮೇಲೆ ನಿಲ್ಲುತ್ತವೆ. ವಿಒ2 ಮ್ಯಾಕ್ಸ್ (ದೇಹ ಅತಿ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆ) ಎಷ್ಟು ಬಂತು ಎನ್ನುವುದು ಗೆಳೆಯರ ಮುಂದೆ ಹೇಳಿಕೊಳ್ಳಲು ಚೆಂದ, ಆದರೆ ನಾಳೆ ಬೆಳಗ್ಗೆ ಯಾವ ಬಡಿತದಲ್ಲಿ ಓಡಬೇಕು ಅಂತ ಅದು ಹೇಳುವುದಿಲ್ಲ. ಆ ಎರಡು ಸಂಖ್ಯೆ ಕೊಡದ ಜಾಗ ಎಷ್ಟೇ ಥಳಥಳ ಇದ್ದರೂ ನಿಮಗೆ ಉಪಯೋಗವಿಲ್ಲ. ಜಿಮ್‌ನಲ್ಲಿ ಬರಿಗಾಲಲ್ಲಿ ನಿಲ್ಲಿಸಿ ಕೊಬ್ಬು, ಸ್ನಾಯು, ನೀರು ಅಂತ ಪ್ರಿಂಟ್ ಕೊಡುವ ಯಂತ್ರಕ್ಕೂ ಈ ವಿಷಯಕ್ಕೂ ಸಂಬಂಧವೇ ಇಲ್ಲ.

ಟಿಎಂಟಿ ಯಾಕೆ ಸಾಲದು

ನಮ್ಮ ಮೂರೂ ಊರುಗಳಲ್ಲಿ ಸುಲಭವಾಗಿ ಸಿಗುವುದು ಹೃದಯದ ಆಸ್ಪತ್ರೆಯ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಟೆಸ್ಟ್. ಟ್ರೆಡ್‌ಮಿಲ್ಲೂ ಇದೆ, ಇಸಿಜಿಯೂ ಇದೆ, ಹಾರ್ಟ್ ರೇಟೂ ಬರೆದು ಕೊಡುತ್ತಾರೆ, ಇನ್ನೇನು ಬೇಕು ಅನಿಸುತ್ತದೆ. ಆದರೆ ಅದನ್ನು ಮಾಡಿರುವುದು ಹೃದಯಕ್ಕೆ ರಕ್ತ ಸರಿಯಾಗಿ ಹೋಗುತ್ತಿದೆಯೇ ಎಂದು ನೋಡಲು. ಸಾಮಾನ್ಯವಾಗಿ ಬಳಸುವ ಬ್ರೂಸ್ ಕ್ರಮದಲ್ಲಿ ಮೂರು ಮೂರು ನಿಮಿಷಕ್ಕೆ ವೇಗ, ಏರು ಎರಡೂ ಒಟ್ಟಿಗೆ ಏರುತ್ತವೆ: ಮೊದಲು ಗಂಟೆಗೆ 2.7 ಕಿ.ಮೀ. ವೇಗ, ಶೇ. 10 ಏರು, ಆಮೇಲೆ 4 ಕಿ.ಮೀ., ಶೇ. 12, ಆಮೇಲೆ 5.5 ಕಿ.ಮೀ., ಶೇ. 14. ಓಟಗಾರನಿಗೆ ಇದು ಓಟವಲ್ಲ, ಕಡಿದಾದ ಗುಡ್ಡ ಹತ್ತುವ ಕೆಲಸ. ಎಷ್ಟೋ ಸಲ ಎದೆಗಿಂತ ಮೊದಲು ಮೀನಖಂಡ ಸೋಲುತ್ತದೆ. ಹಂತ ಹಂತಕ್ಕೂ ಹೊರೆ ದೊಡ್ಡದಾಗಿ ಜಿಗಿಯುವುದರಿಂದ ಥ್ರೆಶೋಲ್ಡ್ ಯಾವ ಬಡಿತಕ್ಕೆ ಬಿತ್ತು ಎಂದು ಹಿಡಿಯುವುದೂ ಕಷ್ಟ.

ರಿಪೋರ್ಟಿನಲ್ಲಿ 'ಟಾರ್ಗೆಟ್ ಹಾರ್ಟ್ ರೇಟ್ ಅಚೀವ್ಡ್' ಎಂದಿದ್ದರೆ ಅದನ್ನು ಗರಿಷ್ಠ ಬಡಿತ ಅಂದುಕೊಳ್ಳಬೇಡಿ. ಬಹುಮಟ್ಟಿಗೆ ಅದು ಅದೇ 220ರ ಲೆಕ್ಕದ ಶೇ. 85. 40 ವರ್ಷದವರಿಗೆ 153. ಅಷ್ಟು ಮುಟ್ಟಿದ ಮೇಲೆ ಯಂತ್ರ ನಿಲ್ಲಿಸಿದ್ದರೆ ಮೇಲೆ ಇನ್ನೆಷ್ಟು ಉಳಿದಿತ್ತು ಎನ್ನುವುದು ಕಾಗದದಲ್ಲಿ ಇರುವುದಿಲ್ಲ.

ಹಾಗಂತ ಟಿಎಂಟಿ ಬೇಡವೆಂದಲ್ಲ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು, ನಡೆಯುವಾಗ ಎದೆ ಹಿಡಿದಂತಾಗುವವರು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡಿದ್ದವರು ಮೊದಲು ಹೃದಯ ತಜ್ಞರನ್ನು ಕಂಡು, ಅವರು ಹೇಳಿದ ಪರೀಕ್ಷೆ ಮುಗಿಸಿಯೇ ಪೂರ್ಣ ಶ್ರಮದ ಟೆಸ್ಟ್‌ಗೆ ಹೋಗಬೇಕು. ಬಿಪಿಗೋ ಹೃದಯಕ್ಕೋ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ತರಹದ ಮಾತ್ರೆ ನುಂಗುವವರಲ್ಲಿ ಬಡಿತ ಒತ್ತಿ ಹಿಡಿದಂತಿರುತ್ತದೆ. ಟೆಸ್ಟ್‌ಗೋಸ್ಕರ ಮಾತ್ರೆ ನಿಲ್ಲಿಸಬೇಡಿ. ನುಂಗುತ್ತಿರುವುದನ್ನು ಲ್ಯಾಬ್‌ನವರಿಗೆ ತಿಳಿಸಿ.

ಫೋನ್ ಮಾಡಿ ಕೇಳುವುದು

ಮೊದಲು ಹತ್ತಿರದಲ್ಲೇ ವಿಚಾರಿಸಿ. ಬೆಳಗಾವಿಯ ಜೆಎನ್‌ಎಂಸಿ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು, ಮೂರರಲ್ಲೂ ಫಿಸಿಯಾಲಜಿ ವಿಭಾಗ ಇರುತ್ತದೆ. ಉಸಿರಿನ ಗ್ಯಾಸ್ ಅಳೆಯುವ ಸಿಪಿಇಟಿ ಯಂತ್ರ ಎಲ್ಲಾದರೂ ಇದ್ದರೆ ಅದು ಫಿಸಿಯಾಲಜಿಯಲ್ಲೋ ಶ್ವಾಸಕೋಶ ವಿಭಾಗದಲ್ಲೋ ಇರುತ್ತದೆ, ರಿಸೆಪ್ಷನ್‌ನಲ್ಲಿ ಕೇಳಿದರೆ ಗೊತ್ತಾಗುವುದಿಲ್ಲ. ನೇರ ವಿಭಾಗಕ್ಕೇ ಫೋನ್ ಮಾಡಿ ಕೇಳಿ (ವಿಟಿ1, ವಿಟಿ2 ಅಂದರೆ ಉಸಿರಿನಿಂದ ಕಂಡುಹಿಡಿದ ಮೊದಲ, ಎರಡನೇ ಥ್ರೆಶೋಲ್ಡ್): "ಸರ, ಮಾಸ್ಕ್ ಹಾಕಿ ಉಸಿರು ಅಳೆದು ಟೆಸ್ಟ್ ಮಾಡ್ತೀರೇನ್ರಿ? ಆರೋಗ್ಯ ಇದ್ದವರಿಗೂ ಮಾಡ್ತೀರೇನು? ವಿಟಿ1, ವಿಟಿ2 ಯಾವ ಹಾರ್ಟ್ ರೇಟಿಗೆ ಬಂತು ಅಂತ ಬರೆದು ಕೊಡ್ತೀರೇನು?" ಮೂರನೇ ಪ್ರಶ್ನೆಗೆ ಉತ್ತರ ತಡವರಿಸಿದರೆ ಬೇರೆ ಕಡೆ ನೋಡುವುದು ಒಳ್ಳೆಯದು.

ಆಮೇಲೆ ಯಂತ್ರ ಯಾವುದು ಎನ್ನುವುದು. ಓಟಗಾರರಿಗೆ ಟ್ರೆಡ್‌ಮಿಲ್, ಸೈಕಲ್ ಹೊಡೆಯುವವರಿಗೆ ಸೈಕಲ್ಲೇ ಆಗಬೇಕು. ಒಬ್ಬರದೇ ಗರಿಷ್ಠ ಬಡಿತ ಸೈಕಲ್ ಮೇಲೆ ಓಟಕ್ಕಿಂತ ಐದರಿಂದ ಹತ್ತು ಕಡಿಮೆ ಬರುವುದುಂಟು. ಟ್ರೆಡ್‌ಮಿಲ್ಲಿನ ಜೋನ್ ಹಿಡಿದು ಸೈಕಲ್ ತುಳಿದರೆ ದಿನಾ ಒಂದು ಮೆಟ್ಟಿಲು ಮೇಲೆಯೇ ಇರುತ್ತೀರಿ. ನಿಮ್ಮ ಸೈಕಲ್ಲನ್ನೇ ಟ್ರೈನರ್‌ಗೆ (ನಿಂತಲ್ಲೇ ತುಳಿಯಲು ಸೈಕಲ್ ಸಿಕ್ಕಿಸುವ ಸ್ಟ್ಯಾಂಡ್) ಹಾಕುತ್ತಾರೋ ಕೇಳಿ. ಇಲ್ಲವಾದರೆ ಪೆಡಲ್, ಶೂ, ಸೀಟಿನ ಎತ್ತರದ ಅಳತೆ ಒಯ್ಯಿರಿ.

ಗ್ಯಾಸ್ ಅಳೆಯುವ ಲ್ಯಾಬ್ ಆದರೆ ಪ್ರತಿ ಟೆಸ್ಟ್‌ಗೆ ಮುಂಚೆ ಕ್ಯಾಲಿಬ್ರೇಶನ್, ಅಂದರೆ ಯಂತ್ರದ ಅಳತೆ ಸರಿಯಿದೆಯೇ ಎಂದು ತಾಳೆ ನೋಡುವುದು ಆಗಬೇಕು: ಅದಕ್ಕೆ ಸಿಲಿಂಡರಿನ ಪ್ರಮಾಣ ಗೊತ್ತಿರುವ ಗ್ಯಾಸ್ ಒಂದು, ಗಾಳಿಯ ಅಳತೆಗೆ 3 ಲೀಟರಿನ ದೊಡ್ಡ ಸಿರಿಂಜ್ ಒಂದು. ಆ ಸಿರಿಂಜ್ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದರೆ ಉಳಿದದ್ದನ್ನು ಊಹಿಸಿಕೊಳ್ಳಿ. ಮಾಸ್ಕ್ ಎರಡು ಮೂರು ಸೈಜಿನಲ್ಲಿ ಇರಬೇಕು. ಹಾಕಿದ ಮೇಲೆ ಕೈಯಿಂದ ಮುಚ್ಚಿ ಊದಿ ನೋಡುತ್ತಾರೆ. ಮೂಗಿನ ಪಕ್ಕ ಗಾಳಿ ಸೋರಿದರೆ ಎಲ್ಲ ಅಳತೆ ಕಡಿಮೆ ಬರುತ್ತದೆ. ಪೊದೆಯಂಥ ಗಡ್ಡ ಇದ್ದರೆ ಮೊದಲೇ ತಿಳಿಸಿ.

ಲ್ಯಾಕ್ಟೇಟ್ ಟೆಸ್ಟ್‌ನಲ್ಲಿ ಪ್ರತಿ ಹಂತದ ಕೊನೆಗೆ ಬೆರಳಿಂದಲೋ ಕಿವಿಯ ತುದಿಯಿಂದಲೋ ಒಂದು ಹನಿ ರಕ್ತ ತೆಗೆಯುತ್ತಾರೆ. ಇಲ್ಲಿ ಕೇಳಬೇಕಾದದ್ದು ಹಂತ ಎಷ್ಟು ನಿಮಿಷದ್ದು ಎಂದು. 3ರಿಂದ 5 ಆದರೆ ಸರಿ. 1 ನಿಮಿಷಕ್ಕೆ ವೇಗ ಏರಿಸಿದರೆ ಸ್ನಾಯುವಿನ ಲ್ಯಾಕ್ಟೇಟ್ ರಕ್ತಕ್ಕೆ ಬರುವಷ್ಟರಲ್ಲಿ ಮುಂದಿನ ಹಂತ ಶುರುವಾಗಿರುತ್ತದೆ, ಥ್ರೆಶೋಲ್ಡ್ ಇದ್ದದ್ದಕ್ಕಿಂತ ಮೇಲೆ ಕಾಣುತ್ತದೆ. ರಕ್ತ ತೆಗೆಯುವ ಕೈಯನ್ನೂ ಗಮನಿಸಿ. ಬೆವರಿನಲ್ಲೂ ಲ್ಯಾಕ್ಟೇಟ್ ಇರುವುದರಿಂದ ಚರ್ಮ ಸ್ಪಿರಿಟ್‌ನಿಂದ ಒರೆಸಿ ಒಣಗಿಸಬೇಕು, ಮೊದಲ ಹನಿಯನ್ನು ಹತ್ತಿಯಿಂದ ತೆಗೆದು ಎರಡನೆಯದನ್ನು ಸ್ಟ್ರಿಪ್‌ಗೆ ಹಿಡಿಸಬೇಕು. ಒಂದು ಹಂತದಲ್ಲಿ ಅಂಕಿ ಜಿಗಿದು ಮುಂದಿನದರಲ್ಲಿ ಇಳಿದರೆ ಬೆವರು ಸೇರಿರುವ ಸಾಧ್ಯತೆ ಹೆಚ್ಚು. ತಕ್ಷಣ ಇನ್ನೊಂದು ಹನಿ ತೆಗೆಯುವವರೇ ಕೆಲಸ ಬಲ್ಲವರು.

ಗ್ಯಾಸ್, ಲ್ಯಾಕ್ಟೇಟ್ ಎರಡೂ ಟೆಸ್ಟ್‌ನಲ್ಲಿ ವೈದ್ಯರು, ಡಿಫಿಬ್ರಿಲೇಟರ್ (ಹೃದಯ ನಿಂತರೆ ವಿದ್ಯುತ್ ಆಘಾತ ಕೊಡುವ ಯಂತ್ರ) ಇರಲೇಬೇಕು. ರೊಕ್ಕ ಕಟ್ಟುವ ಮೊದಲು ಹಳೆಯ ರಿಪೋರ್ಟ್ ಒಂದನ್ನು ಹೆಸರು ಮುಚ್ಚಿ ತೋರಿಸಿ ಅನ್ನಿ. ಹಂತ ಹಂತದ ವೇಗ, ಬಡಿತ, ಲ್ಯಾಕ್ಟೇಟ್ ಅಥವಾ ಗ್ಯಾಸಿನ ಅಂಕಿಗಳ ಪೂರ್ತಿ ಪಟ್ಟಿ ಅದರಲ್ಲಿ ಇರಬೇಕು. ಬಣ್ಣದ ಐದು ಜೋನ್ ಮಾತ್ರ ಇದ್ದರೆ ಅದನ್ನು ವಾಚೇ ಕೊಡುತ್ತದೆ.

ದೂರದ ಲ್ಯಾಬ್ ಆದರೆ

ಹತ್ತಿರದಲ್ಲಿ ಸಿಗದಿದ್ದರೆ ಪುಣೆಯೋ ಬೆಂಗಳೂರೋ ಆಗುತ್ತದೆ. ಇಲ್ಲಿ ಹಲವರು ಎಡವುತ್ತಾರೆ: ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೋ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೋ ರಾತ್ರಿ ಹತ್ತಿ, ಬೆಳಗ್ಗೆ ಇಳಿದು, ಚಹಾ ಕುಡಿದು ಸೀದಾ ಲ್ಯಾಬ್‌ಗೆ. ನಿದ್ದೆಗೆಟ್ಟ ದೇಹದಲ್ಲಿ ಬಡಿತ ಎಂದಿನಂತೆ ಬಾರದೆ ಇರಬಹುದು. ಒಂದು ರಾತ್ರಿ ಅಲ್ಲೇ ಮಲಗಿ ಮರುದಿನದ ಸಮಯ ತೆಗೆದುಕೊಳ್ಳಿ. ಹಿಂದಿನ ಎರಡು ದಿನ ಜೋರಿನ ತರಬೇತಿ ಬೇಡ. ಊಟ ಟೆಸ್ಟ್‌ಗೆ ಮೂರು ಗಂಟೆ ಮುಂಚೆ ಮುಗಿದಿರಲಿ, ಚಹಾ ಕಾಫಿ ಬಿಡಿ. ಏಕಾದಶಿ, ರೋಜಾ, ಸೋಮವಾರ ಎಂದು ಉಪವಾಸ ಮಾಡಿದ ಮರುದಿನ ಲ್ಯಾಕ್ಟೇಟ್ ಟೆಸ್ಟ್ ಇಟ್ಟುಕೊಳ್ಳಬೇಡಿ: ಸ್ನಾಯುವಿನ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ತಗ್ಗಿದ್ದರೆ ಲ್ಯಾಕ್ಟೇಟ್ ಏರುವುದೂ ಕಡಿಮೆ, ಇಲ್ಲದ ಶಕ್ತಿ ಇದ್ದಂತೆ ರಿಪೋರ್ಟ್ ಬರುತ್ತದೆ. ಬಡಿತ ಅಳೆಯುವ ನಿಮ್ಮ ಎದೆಪಟ್ಟಿಯನ್ನೂ ಕಟ್ಟಿಕೊಂಡೇ ಓಡಿ. ಲ್ಯಾಬಿನ ಇಸಿಜಿಗೂ ಅದಕ್ಕೂ ಹೊಂದುತ್ತದೆಯೋ ಅಲ್ಲೇ ಗೊತ್ತಾಗುತ್ತದೆ.

ಅಷ್ಟು ದೂರ ಬೇಡವೆಂದರೆ, ಆರೋಗ್ಯ ಸರಿಯಿರುವವರಿಗೆ ರಸ್ತೆಯ ಟೆಸ್ಟ್ ಇದೆ. 15 ನಿಮಿಷ ಮೈ ಬಿಸಿ ಮಾಡಿಕೊಂಡು, ಒಬ್ಬರೇ, 30 ನಿಮಿಷ ಒಂದೇ ಸಮನೆ ತಡೆಯಬಲ್ಲ ಅತಿ ಹೆಚ್ಚಿನ ವೇಗದಲ್ಲಿ ಹೋಗಿ. ಕೊನೆಯ 20 ನಿಮಿಷದ ಸರಾಸರಿ ಬಡಿತ ಎರಡನೇ ಥ್ರೆಶೋಲ್ಡ್‌ಗೆ ಸಾಕಷ್ಟು ಹತ್ತಿರ. ಕೆಡುವುದು ಹೆಚ್ಚಾಗಿ ಮೊದಲ ಐದು ನಿಮಿಷದ ಆವೇಶದಿಂದ.

ಲ್ಯಾಬಿನ ಎಸಿ ಕೋಣೆಯಲ್ಲಿ ಬಂದ ಸಂಖ್ಯೆಯನ್ನು ಏಪ್ರಿಲ್-ಮೇ ತಿಂಗಳ ವಿಜಯಪುರದ ಬಿಸಿಲಿಗೆ ಹಾಗೇ ಒಯ್ದರೆ ಅದೇ ವೇಗಕ್ಕೆ ಬಡಿತ ಹತ್ತು ಏರಿ ಕೂರುತ್ತದೆ. ಹಗುರ ದಿನಗಳಲ್ಲಿ ಬಡಿತವನ್ನೇ ಹಿಡಿದು ವೇಗ ಬಿಟ್ಟುಕೊಡಿ. ಮರುಟೆಸ್ಟ್ ಎಂಟರಿಂದ ಹನ್ನೆರಡು ವಾರಕ್ಕೆ, ಅದೇ ಲ್ಯಾಬ್, ಅದೇ ಯಂತ್ರ, ಅದೇ ಹೊತ್ತು. ಥ್ರೆಶೋಲ್ಡ್ ಬಡಿತ ಎರಡು ಮೂರು ಆಚೀಚೆ ಆದರೆ ಅದಕ್ಕೆ ಅರ್ಥ ಹುಡುಕಬೇಡಿ. ಅದೇ ಬಡಿತದಲ್ಲಿ ವೇಗ ಅಥವಾ ವಾಟ್ (ಸೈಕಲ್ ತುಳಿತದ ಬಲದ ಅಳತೆ) ಎಷ್ಟು ಏರಿದೆ ಅಂತ ನೋಡಿ.