ಪರ್ಚೇಸ್ ಆರ್ಡರ್‌ಗೆ ನಂಬರ್ ಹೇಗೆ ಕೊಡಬೇಕು

ನಮ್ಮದು ಕಲಬುರಗಿಯ ದಾಲ್ ಮಿಲ್. ಮಿಲ್ ಕಪನೂರಿನಲ್ಲಿ, ಅಂಗಡಿ ನೆಹರು ಗಂಜ್‌ನಲ್ಲಿ. ಎರಡೂ ಕಡೆ ಒಂದೊಂದು ಆರ್ಡರ್ ಬುಕ್, ಎರಡೂ 1ರಿಂದಲೇ ಶುರು. ಒಂದು ಸಲ ಗೋಣಿಚೀಲದ ಬಿಲ್ ಬಂತು, ಮೇಲೆ ಬರೀ ‘ಆರ್ಡರ್ ನಂ. 45’. ಒಂದು ಪ್ರತಿ ಮಿಲ್ಲಿಗೆ, ಒಂದು ಅಂಗಡಿಗೆ. ಎರಡೂ ಬುಕ್ಕಿನ 45 ಅದೇ ವ್ಯಾಪಾರಿಗೆ ಕೊಟ್ಟ ಆರ್ಡರ್ ಆಗಿದ್ದರಿಂದ ಇಬ್ಬರೂ ಟಿಕ್ ಹಾಕಿ ಇಬ್ಬರೂ ದುಡ್ಡು ಕಳಿಸಿದರು. ವಾಪಸ್ ಬರಲು ಎರಡು ತಿಂಗಳು ಹಿಡಿಯಿತು.

ಆಮೇಲೆ ಮಾಡಿಕೊಂಡ ನಂಬರ್ ಇದು: ಪಿಒ-ಎಂ-2526-0045. ಪಿಒ ಅಂದರೆ ಪರ್ಚೇಸ್ ಆರ್ಡರ್, ಸಾಮಾನು ತರಿಸಲು ವ್ಯಾಪಾರಿಗೆ ಬರೆದು ಕೊಡುವ ಆರ್ಡರ್. ಎಂ ಅಂದರೆ ಮಿಲ್, ಗಂಜ್‌ನ ಅಂಗಡಿಗೆ ಜಿ. ನಿಮ್ಮಲ್ಲಿ ಆರ್ಡರ್ ಬರೆಯುವವರು ಒಬ್ಬರೇ ಆದರೆ ಈ ಅಕ್ಷರ ಬೇಡವೇ ಬೇಡ. ಬೇಕೆಂದರೂ ಇಂಗ್ಲಿಷಿನ ಐ, ಓ ಬಿಡಿ, ಕೈಬರಹದಲ್ಲಿ ಒಂದು, ಸೊನ್ನೆ ಥರ ಕಾಣುತ್ತವೆ.

2526 ಅಂದರೆ 2025-26ರ ಹಣಕಾಸು ವರ್ಷ. ಇದನ್ನು ಬಿಡಬೇಡಿ. ತೊಗರಿ ಬರುವ ಸೀಸನ್ನಲ್ಲೇ ಮಾರ್ಚ್ 31 ಬರುತ್ತದೆ, ಅಲ್ವಾ? ಮಾರ್ಚ್‌ನಲ್ಲಿ ಹೇಳಿದ ಬೆಲ್ಟ್, ಬೇರಿಂಗ್ ಏಪ್ರಿಲ್‌ನಲ್ಲಿ ಬಂದಾಗ ಯಾವ ವರ್ಷದ ಆರ್ಡರ್ ಅಂತ ನಂಬರ್ ನೋಡಿದರೇ ಗೊತ್ತಾಗಬೇಕು. ಏಪ್ರಿಲ್ 1ಕ್ಕೆ ಮತ್ತೆ 0001.

0045ರಲ್ಲಿ ಮೊದಲಿಗಿರುವ ಸೊನ್ನೆಗಳು ಸುಮ್ನೆ ಅಲ್ಲ. ಪಿಒ-1, ಪಿಒ-2 ಅಂತ ಬರೆದರೆ ಎಕ್ಸೆಲ್ ಸಾರ್ಟ್ ಮಾಡುವಾಗ 1 ಆದ ಮೇಲೆ 10, 11 ತಂದು ಆಮೇಲೆ 2 ಇಡುತ್ತದೆ. ಬರೀ 0045 ಅಂತ ಟೈಪ್ ಮಾಡಿದರೆ ಸೊನ್ನೆ ಕಿತ್ತು 45 ಮಾಡುತ್ತದೆ, 4/25 ಅಂತ ಹೊಡೆದರೆ ತಾರೀಖು ಮಾಡಿಬಿಡುತ್ತದೆ. ಸ್ಲ್ಯಾಶ್ ಬೇಡ ಅನ್ನಲು ಇನ್ನೊಂದು ಕಾರಣ ಇದೆ: ವಿಂಡೋಸ್‌ನಲ್ಲಿ ಫೈಲ್ ಹೆಸರಿಗೆ ಸ್ಲ್ಯಾಶ್ ಹಾಕಲು ಆಗುವುದಿಲ್ಲ, ಪಿಡಿಎಫ್‌ಗೆ ಆರ್ಡರ್ ನಂಬರನ್ನೇ ಹೆಸರಾಗಿ ಇಡಲು ಹೋದರೆ ಅಲ್ಲೇ ನಿಲ್ಲುತ್ತದೆ. ಹೈಫನ್ ಸಾಕು.

ಸಾಮಾನಿನ ಹೆಸರು, ವ್ಯಾಪಾರಿಯ ಹೆಸರು ನಂಬರಿನೊಳಗೆ ತುರುಕಬೇಡಿ. ಒಂದೇ ಆರ್ಡರ್‌ನಲ್ಲಿ ಚೀಲವೂ ದಾರವೂ ಇದ್ದರೆ ಏನು ಬರೆಯುತ್ತೀರಿ? ಅದಕ್ಕೆಲ್ಲ ರಿಜಿಸ್ಟರ್‌ನಲ್ಲಿ ಕಾಲಂ ಇದೆ. ಜಿಎಸ್‌ಟಿ ನಿಯಮದಲ್ಲಿ ಬಿಲ್ ನಂಬರ್‌ಗೆ 16 ಅಕ್ಷರದ ಮಿತಿ ಇದೆ. ಪಿಒಗೆ ಆ ಮಿತಿ ಇಲ್ಲ, ಆದರೂ ಅದಕ್ಕಿಂತ ಉದ್ದ ಮಾಡಬೇಡಿ, ಫೋನಿನಲ್ಲಿ ಓದಿ ಹೇಳುವಾಗ ತಪ್ಪುತ್ತದೆ.

ಆರ್ಡರ್ ಕ್ಯಾನ್ಸಲ್ ಆದರೆ ಆ ನಂಬರ್ ಅಲ್ಲಿಗೇ ಮುಗಿಯಿತು. ‘ರದ್ದು’ ಅಂತ ಬರೆದು ಮುಂದಿನ ನಂಬರ್ ತಗೊಳ್ಳಿ, ಇನ್ನೊಬ್ಬರಿಗೆ ಕೊಡಬೇಡಿ. ರೇಟೋ ಸಾಮಾನಿನ ಪ್ರಮಾಣವೋ ಬದಲಾದರೆ ಅದೇ ನಂಬರಿನ ಕೊನೆಗೆ ಆರ್1 (ಮೊದಲ ತಿದ್ದುಪಡಿ) ಸೇರಿಸಿ.

ಇನ್ನು ವ್ಯಾಪಾರಿಗಳಿಗೆ ಮೊದಲೇ ವಾಟ್ಸಾಪ್ ಮಾಡಿ: ಬಿಲ್ ಮೇಲೆ ಪೂರ್ತಿ ಪಿಒ ನಂಬರ್ ಬರೆಯಿರಿ, ಬರೀ 45 ಅಂತ ಬರೆದರೆ ಬಿಲ್ ತಗೊಳ್ಳುವುದಿಲ್ಲ.